ಮಂದ್ರ ತಂತಿಗೆ ಅಂಕುಶ ಬೇಕೆ?

ಕಂಪ್ರೆಸರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಗಡಗಡಿಸುವ ಗಾಳಿಯಂತ್ರ, ಇಲ್ಲವೆ ರೆಫ್ರಿಜರೇಟರಿನ ಹಿಂಬದಿಯ ಕರಿಯ ಉಂಡೆ. ನಾನು ಈಗ ಹೇಳಹೊರಟಿರುವ ಕಂಪ್ರೆಸರ್ ಅವೆರಡೂ ಅಲ್ಲ. ಇದು ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ. ಮೇಲೆ ಎರಡೋ ನಾಲ್ಕೋ ತಿರುಗುಗುಂಡಿಗಳು, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಬೇಸ್ ಗಿಟಾರ್ ನುಡಿಸುವವನು ಅದನ್ನು ವೇದಿಕೆಯ ಮೇಲೆ ತನ್ನ ಪಾದದ ಬಳಿ ಇಟ್ಟುಕೊಳ್ಳುತ್ತಾನೆ. ವಾದ್ಯದಿಂದ ಹೊರಟ ವಿದ್ಯುತ್ ಸಂಕೇತ ಮೊದಲು ಅದರೊಳಗೆ ಹೊಕ್ಕು ಬಳಿಕ ಆಂಪ್ಲಿಫೈಯರನ್ನು ಸೇರುತ್ತದೆ. ಗಟ್ಟಿ ಸದ್ದಿಗೂ ಮೆಲುಸದ್ದಿಗೂ ನಡುವೆ ಇರುವ ಅಂತರವನ್ನು ಅದುಮುವುದು ಅದರ ಕೆಲಸ. ಇಂಥ ಪೆಟ್ಟಿಗೆಯೊಂದು ಸಭೆಯ ಮುಂದೆ ನುಡಿಸುವ ಬೇಸ್ ವಾದಕನಿಗೆ ಬೇಕೆ, ಬೇಡವೆ ಎಂಬುದು ಆ ವಾದಕರ ನಡುವೆ ಬಹುಕಾಲದಿಂದ ನಡೆದುಬಂದಿರುವ ಚರ್ಚೆ. ಕೆಲವರು ಅದಿಲ್ಲದೆ ವೇದಿಕೆ ಹತ್ತುವುದೇ ಇಲ್ಲ. ಮತ್ತೆ ಕೆಲವರು ಅದನ್ನು ಕೈ ಪಳಗದವನ ಊರುಗೋಲೆಂದು ಹಳಿಯುತ್ತಾರೆ.

ಜಗಳ ಚಿಕ್ಕದೆಂದು ಹೊರಗಿನವರಿಗೆ ತೋರಬಹುದು. ಆದರೆ ಒಂದು ಸ್ವರಕ್ಕೆ ಎಷ್ಟು ತೂಕ ಸಲ್ಲಬೇಕೆಂಬುದನ್ನು ನಿರ್ಣಯಿಸುವವರು ಯಾರು, ನುಡಿಸುವ ಬೆರಳೋ ಕಾಲ ಬಳಿಯ ಯಂತ್ರವೋ ಎಂಬ ಪ್ರಶ್ನೆ ಅದರೊಳಗೆ ಅಡಗಿದೆ. ಮೇಳದಲ್ಲಿ ಬೇಸ್ ತಳಪಾಯದ ಜಾಗದಲ್ಲಿರುವ ವಾದ್ಯ. ಅದರ ಒಂದು ಸ್ವರ ಕುಸಿದರೆ ಹಾಡುವವನಿಗೆ ಆಧಾರ ತಪ್ಪುತ್ತದೆ. ಒಂದು ಸ್ವರ ಉಬ್ಬಿದರೆ ಹಾಡಿನ ಮಾತೇ ಮುಳುಗಿಹೋಗುತ್ತದೆ. ಸಭಿಕನಿಗೆ ಬೇಸ್ ನುಡಿಯುತ್ತಿದೆಯೆಂಬ ಅರಿವು ಅನೇಕ ವೇಳೆ ಇರುವುದೇ ಇಲ್ಲ. ಅದು ತಪ್ಪಿದಾಗ ಮಾತ್ರ ಏನೋ ಕೆಟ್ಟಿತೆಂದು ಅವನಿಗೆ ಅನ್ನಿಸುತ್ತದೆ.

ಬೇಸ್ ಗಿಟಾರ್ ಹಳೆಯ ವಾದ್ಯವೇನೂ ಅಲ್ಲ. ಅದಕ್ಕೆ ಮುಂಚೆ ಪಾಶ್ಚಾತ್ಯ ಮೇಳಗಳಲ್ಲಿ ಮಂದ್ರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ತುತ್ತೂರಿಗಳೂ ಡ್ರಮ್ಮುಗಳೂ ಮೊರೆಯುವ ಮೇಳದಲ್ಲಿ ಅದರ ದನಿ ಕೇಳಿಸುವುದೇ ಕಷ್ಟವಾಗಿತ್ತು. ಊರಿಂದೂರಿಗೆ ಸಾಗಿಸುವುದಂತೂ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಎಂಬಾತ ೧೯೫೧ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಹೊಸ ವಾದ್ಯವನ್ನು ಮಾರುಕಟ್ಟೆಗೆ ತಂದ. ಗಿಟಾರಿನಂತೆ ಹೆಗಲಿಗೆ ತೂಗಿಹಾಕಿಕೊಳ್ಳಬಹುದಾದ, ವಿದ್ಯುತ್ತಿನಿಂದ ದನಿ ಪಡೆಯುವ ವಾದ್ಯ ಅದು. ನಮ್ಮ ವೀಣೆಗೆ ಇರುವಂತೆ ಅದಕ್ಕೂ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ಜಾರುವ ಭಯವಿರಲಿಲ್ಲ. ‘ಪ್ರಿಸಿಷನ್’, ಎಂದರೆ ಖಚಿತ, ಎಂಬ ಹೆಸರು ಬಂದದ್ದು ಆ ಕಾರಣಕ್ಕೆ. ಇ, ಎ, ಡಿ, ಜಿ ಎಂದು ನಾಲ್ಕು ತಂತಿಗಳು. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು ೪೧ ಸಾರಿ ಕಂಪಿಸುತ್ತದೆ. ನಮ್ಮವರಿಗೆ ಈ ವಾದ್ಯದ ಹೆಸರು ತಿಳಿಯದಿದ್ದರೂ ದನಿ ಅಪರಿಚಿತವಲ್ಲ. ೧೯೮೧ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಅವರು ಕೂಡಿಸಿದ ಹಾಡುಗಳನ್ನು ಕೇಳಿದವರು ಗಾಯನದ ಕೆಳಗೆ ತನ್ನದೇ ದಾರಿ ಹಿಡಿದು ಓಡಾಡುವ ಮಂದ್ರದ ನಡೆಯನ್ನು ಬಲ್ಲರು. ಗಣೇಶೋತ್ಸವದ ಚಪ್ಪರದಲ್ಲಿ ಆರ್ಕೆಸ್ಟ್ರಾದವರು ನುಡಿಸುವಾಗ ಎದೆಗೂಡಿಗೆ ಬಂದು ತಾಕುವುದೂ ಅದೇ.

ಈ ವಾದ್ಯದ ದನಿ ಸ್ವಭಾವತಃ ಸಮನಾಗಿರುವುದಿಲ್ಲ. ಬೆರಳಿನಿಂದ ಮೀಟಿದರೆ ಒಂದು ತೂಕ, ಪ್ಲೆಕ್ಟ್ರಮ್ಮಿನಿಂದ ಹೊಡೆದರೆ ಇನ್ನೊಂದು. ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ತೋರುಬೆರಳಿನಿಂದ ಅದನ್ನು ಎಳೆದುಬಿಡುವ ‘ಸ್ಲ್ಯಾಪ್’ ಎಂಬ ವರಸೆಯೊಂದುಂಟು. ಅದರ ಕಥೆ ಸ್ವಾರಸ್ಯವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ ಲ್ಯಾರಿ ಗ್ರಹಾಂ ಎಂಬ ಯುವಕ ತನ್ನ ತಾಯಿಯೊಡನೆ ಪುಟ್ಟ ಮೇಳದಲ್ಲಿ ನುಡಿಸುತ್ತಿದ್ದ. ಮೇಳಕ್ಕೆ ಡ್ರಮ್ ವಾದಕನಿಲ್ಲದಂತಾದಾಗ ಹೆಬ್ಬೆರಳಿನ ಬಡಿತದಿಂದ ದೊಡ್ಡ ಡ್ರಮ್ಮಿನ ಸದ್ದನ್ನೂ ಬೆರಳಿನ ಎಳೆತದಿಂದ ಚಿಕ್ಕ ಡ್ರಮ್ಮಿನ ಸದ್ದನ್ನೂ ಬೇಸಿನಲ್ಲಿಯೇ ತುಂಬಿಕೊಟ್ಟ. ಕೊರತೆಯೊಂದರಿಂದ ಹುಟ್ಟಿದ ಆ ವರಸೆ ಇಂದು ಲೋಕವೆಲ್ಲ ಹರಡಿದೆ. ಆದರೆ ಆ ಬಡಿತದ ಮೊದಲ ಕ್ಷಣದ ತೀವ್ರತೆ ಬೆರಳಿನ ಸಾಮಾನ್ಯ ಮೀಟಿಗಿಂತ ಬಹಳ ಹೆಚ್ಚು. ಒಂದೇ ಹಾಡಿನಲ್ಲಿ ಎರಡೂ ವರಸೆಗಳು ಬಂದರೆ ಒಂದು ಕಡೆ ಪಿಸುಮಾತು, ಇನ್ನೊಂದು ಕಡೆ ಗದರಿಕೆ ಎಂಬಂತಾಗುತ್ತದೆ. ಇಷ್ಟಲ್ಲದೆ ವಾದ್ಯದ ಮೈಯಲ್ಲೇ ಕೆಲವು ಊನಗಳುಂಟು. ಫೆಂಡರ್ ಮಾದರಿಯ ಅನೇಕ ಬೇಸುಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ಒಂದು ಸ್ವರ ಮೀಟಿದೊಡನೆ ಸತ್ತುಹೋಗುತ್ತದೆ. ಅಲ್ಲಿ ತಂತಿಯ ಕಂಪನವನ್ನು ಕತ್ತಿನ ಮರವೇ ಹೀರಿಕೊಳ್ಳುತ್ತದೆ.

ನಮ್ಮ ಕಿವಿಯೂ ಈ ಅಸಮತೆಯನ್ನು ಹಿಗ್ಗಿಸಿ ತೋರುತ್ತದೆ. ೧೯೩೩ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಯಾವ ಸ್ವರ ಎಷ್ಟು ಗಟ್ಟಿಯಿದ್ದರೆ ಕಿವಿಗೆ ಸಮನಾಗಿ ಕೇಳಿಸುತ್ತದೆ ಎಂಬುದನ್ನು ಅಳೆದು ನಕ್ಷೆಗಳನ್ನು ಪ್ರಕಟಿಸಿದರು. ಮಂದ್ರ ಸ್ವರಗಳಿಗೆ ನಮ್ಮ ಕಿವಿ ಮಂದ ಎಂಬುದು ಆ ನಕ್ಷೆಗಳಿಂದ ತಿಳಿಯುವ ಒಂದು ಸಂಗತಿ. ನಮಗೆ ಇಲ್ಲಿ ಬೇಕಾದದ್ದು ಇನ್ನೊಂದು. ಸೆಕೆಂಡಿಗೆ ೧೦೦೦ ಕಂಪನದ ಸ್ವರವೊಂದು ಇಮ್ಮಡಿ ಗಟ್ಟಿಯೆನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು. ಡೆಸಿಬೆಲ್ ಎಂದರೆ ಸದ್ದನ್ನು ಅಳೆಯುವ ಮಾನ. ೪೦ರ ಸುತ್ತಮುತ್ತಲಿನ ಕಂಪನಕ್ಕಾದರೋ ಅದಕ್ಕಿಂತ ಎಷ್ಟೋ ಕಡಮೆ ಏರಿಕೆ ಸಾಕು. ಎಂದರೆ, ಪಿಟೀಲಿನ ಬಿಲ್ಲಿನಲ್ಲಿ ಗಮನಕ್ಕೆ ಬಾರದಷ್ಟು ಸಣ್ಣ ಹೆಚ್ಚುಕಡಮೆ ಬೇಸಿನ ಮಂದ್ರದಲ್ಲಿ ಎದ್ದು ಕೇಳಿಸುತ್ತದೆ. ಬೇಸ್ ವಾದಕರಿಗೆ ಸಮತೆಯ ಚಿಂತೆ ಉಳಿದವರಿಗಿಂತ ಹೆಚ್ಚು ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಯಂತ್ರ ಮಾಡುವುದೇನು? ಮನೆಯಲ್ಲಿ ರೇಡಿಯೋ ಕೇಳುತ್ತ ಕುಳಿತ ಹಿರಿಯರನ್ನು ನೆನೆಯಿರಿ. ಅವರ ಕೈ ಯಾವಾಗಲೂ ಸದ್ದಿನ ಗುಂಡಿಯ ಮೇಲೆ. ಜಾಹೀರಾತು ಅಬ್ಬರಿಸಿದೊಡನೆ ತಗ್ಗಿಸುತ್ತಾರೆ. ಅಬ್ಬರ ನಿಂತೊಡನೆ ಮೊದಲಿನ ಜಾಗಕ್ಕೆ ತರುತ್ತಾರೆ. ಕಂಪ್ರೆಸರಿನ ಕೆಲಸವೂ ಇಷ್ಟೆ. ಆದರೆ ಸೆಕೆಂಡಿನ ಸಾವಿರ ಭಾಗಗಳ ಲೆಕ್ಕದಲ್ಲಿ. ಮೊದಲು ಒಂದು ಹೊಸ್ತಿಲನ್ನು ಗೊತ್ತುಮಾಡಬೇಕು. ಹೊಸ್ತಿಲಿನ ಒಳಗಿರುವ ಸದ್ದಿನ ತಂಟೆಗೆ ಯಂತ್ರ ಹೋಗುವುದಿಲ್ಲ. ಅದನ್ನು ದಾಟಿದ ಸದ್ದನ್ನು ಮಾತ್ರ ಹಿಡಿಯುತ್ತದೆ. ಎಷ್ಟು ಹಿಡಿಯಬೇಕೆಂಬುದಕ್ಕೆ ಒಂದು ಪ್ರಮಾಣ. ನಾಲ್ಕಕ್ಕೆ ಒಂದು ಎಂದಿಟ್ಟರೆ, ಹೊಸ್ತಿಲನ್ನು ೧೨ ಡೆಸಿಬೆಲ್ ದಾಟಿ ಬಂದ ಸದ್ದು ೩ ಡೆಸಿಬೆಲ್ ಮಾತ್ರ ದಾಟಿದಂತೆ ಹೊರಬರುತ್ತದೆ. ಸದ್ದು ಹೊಸ್ತಿಲು ದಾಟಿದ ಎಷ್ಟು ಹೊತ್ತಿಗೆ ಯಂತ್ರ ಹಿಡಿತ ಬಿಗಿಸಬೇಕು, ಸದ್ದು ಇಳಿದ ಎಷ್ಟು ಹೊತ್ತಿಗೆ ಹಿಡಿತ ಸಡಿಲಿಸಬೇಕು ಎಂಬುದಕ್ಕೂ ಗುಂಡಿಗಳಿರುತ್ತವೆ. ಕೊನೆಯದಾಗಿ, ಹೀಗೆ ತಲೆ ತಗ್ಗಿದ ಸದ್ದನ್ನು ಒಟ್ಟಾರೆ ಮೇಲಕ್ಕೆತ್ತುವ ಗುಂಡಿ. ಇದರಿಂದ ಸ್ವರದ ಮೊದಲ ಏಟು ತಗ್ಗಿ, ಬಾಲ ಉದ್ದವಾದಂತೆ ತೋರುತ್ತದೆ. ಜಿ ತಂತಿಯಲ್ಲಿ ಸತ್ತುಹೋಗುವ ಸ್ವರವೆಂದೆನಲ್ಲ, ಅದಕ್ಕೂ ಸ್ವಲ್ಪ ಉಸಿರು ಬಂದಂತಾಗುತ್ತದೆ.

ಈ ಯಂತ್ರ ಹುಟ್ಟಿದ್ದು ಬೇಸಿಗಾಗಿ ಅಲ್ಲ, ಸಂಗೀತಕ್ಕಾಗಿಯೂ ಅಲ್ಲ. ಅದರ ತವರುಮನೆ ಬಾನುಲಿ. ಪ್ರಸಾರದ ಅಲೆಯ ಮೇಲೆ ದನಿಯನ್ನು ಏರಿಸುವುದಕ್ಕೆ ಒಂದು ಮಿತಿಯುಂಟು. ಮಿತಿ ಮೀರಿದರೆ ದನಿ ಒಡೆಯುವುದಲ್ಲದೆ ನೆರೆಯ ನಿಲಯದ ಪ್ರಸಾರಕ್ಕೂ ಕಿರುಕುಳವಾಗುತ್ತದೆ. ಮೊದಮೊದಲು ಇಂಜಿನಿಯರು ಮುಳ್ಳನ್ನು ನೋಡುತ್ತ, ಕೈಯಿಂದಲೇ ಗುಂಡಿ ತಿರುಗಿಸುತ್ತ ಕಾಯಬೇಕಾಗಿತ್ತು. ೧೯೩೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ನಿಲಯಗಳಿಗೆ ಆ ಕೆಲಸವನ್ನು ತಾನೇ ಮಾಡುವ ಯಂತ್ರಗಳು ಬಂದವು. ಈ ನನ್ನ ಮಾತೂ ನಿಮ್ಮ ಕಿವಿಯನ್ನು ಮುಟ್ಟುವ ಮುನ್ನ ಅಂಥದೇ ಒಂದು ಯಂತ್ರವನ್ನು ಹಾದು ಬರುತ್ತದೆ.

ಬಾನುಲಿಯ ಬಳಿಕ ಅದನ್ನು ಅಪ್ಪಿಕೊಂಡವರು ಗ್ರಾಮಫೋನ್ ತಟ್ಟೆ ಮಾಡುವವರು. ಮಂದ್ರ ಸ್ವರ ಗಟ್ಟಿಯಾದಷ್ಟೂ ತಟ್ಟೆಯ ಗೀರು ಅಡ್ಡಡ್ಡಲಾಗಿ ಅಗಲಕ್ಕೆ ತೊನೆಯುತ್ತದೆ. ಬಹಳ ತೊನೆದರೆ ಮನೆಯಲ್ಲಿ ತಟ್ಟೆ ಹಾಕಿದವನ ಮುಳ್ಳು ಗೀರಿನಿಂದ ಎಗರಿಬಿಡುತ್ತದೆ. ೧೯೫೦ರ ದಶಕದ ಕೊನೆಗೆ ಬಂದ ಫೇರ್‌ಚೈಲ್ಡ್ ೬೭೦ ಎಂಬ ಯಂತ್ರದಲ್ಲಿ ೨೦ ವಾಲ್ವುಗಳಿದ್ದವು; ತೂಕ ಸುಮಾರು ೩೦ ಕಿಲೋ. ಅದನ್ನು ರೂಪಿಸಿದ ಮುಖ್ಯ ಉದ್ದೇಶ ತಟ್ಟೆ ಕೊರೆಯುವಾಗ ಸದ್ದನ್ನು ಹದ್ದುಬಸ್ತಿನಲ್ಲಿ ಇಡುವುದು. ಲಂಡನ್ನಿನ ಅಬೆ ರೋಡ್ ಧ್ವನಿಮುದ್ರಣಾಲಯದಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಬೇಸನ್ನು ಆಲ್ಟೆಕ್ ಕಂಪನಿಯ ಕಂಪ್ರೆಸರೊಂದನ್ನು ಅಲ್ಲಿನವರೇ ಬದಲಿಸಿಕೊಂಡು ಮಾಡಿದ ಯಂತ್ರದ ಮೂಲಕ ಹಾಯಿಸುವ ರೂಢಿಯಿತ್ತು. ೧೯೬೬ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗೆ ಬೇಸ್ ಇನ್ನೂ ಗಟ್ಟಿಯಾಗಬೇಕೆಂದು ದೊಡ್ಡ ಧ್ವನಿವರ್ಧಕವೊಂದನ್ನೇ ಮೈಕಿನಂತೆ ಬಳಸಿ ಮುದ್ರಿಸಿದರು. ಹಾಗೆ ಮಾಡಿದವರಿಗೆ ಸಂಸ್ಥೆಯೊಳಗಿನ ಮುಖ್ಯ ಅಡ್ಡಿಯಾಗಿದ್ದುದು ಮುಳ್ಳು ಎಗರೀತೆಂಬ ಹೆದರಿಕೆ.

ಹೀಗೆ ಮುಳ್ಳು ಎಗರದಿರಲೆಂದು, ಪ್ರಸಾರದ ದನಿ ಒಡೆಯದಿರಲೆಂದು ಮಾಡಿದ ಉಪಾಯ ಕಾಲಕ್ರಮದಲ್ಲಿ ಒಂದು ರುಚಿಯಾಗಿ ಬೆಳೆಯಿತು. ತಟ್ಟೆಗಳಲ್ಲಿ, ಆಮೇಲೆ ಕ್ಯಾಸೆಟ್ಟುಗಳಲ್ಲಿ ಸಮನಾಗಿ ಇಸ್ತ್ರಿ ಮಾಡಿದಂಥ ಬೇಸನ್ನು ಕೇಳಿ ಕೇಳಿ ಕಿವಿ ಪಳಗಿತು. ಬೇಸ್ ಎಂದರೆ ಹೀಗೆಯೇ ಇರಬೇಕು ಎಂದುಕೊಂಡಿತು. ಮನೆಯಲ್ಲಿ ಕೇಳಿದ ದನಿಯನ್ನೇ ವೇದಿಕೆಯ ಮೇಲೂ ಬಯಸಿದ ವಾದಕನಿಗೆ ಮುದ್ರಣಾಲಯದ ೩೦ ಕಿಲೋ ಹೊತ್ತು ತಿರುಗಲು ಸಾಧ್ಯವಿರಲಿಲ್ಲ. ಟ್ರಾನ್ಸಿಸ್ಟರೂ ಅದರ ಬೆನ್ನಿಗೆ ಬಂದ ಚಿಕ್ಕ ಚಿಪ್ಪುಗಳೂ ಆ ತೊಡಕನ್ನು ನಿವಾರಿಸಿದವು. ೧೯೭೦ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಎಂಎಕ್ಸ್‌ಆರ್ ಕಂಪನಿ ‘ಡೈನಾ ಕಾಂಪ್’ ಎಂಬ, ಎರಡೇ ಗುಂಡಿಗಳ ಪುಟ್ಟ ಪೆಟ್ಟಿಗೆಯನ್ನು ಹೊರತಂದಿತು. ೧೯೭೮ರಲ್ಲಿ ಜಪಾನಿನ ಬಾಸ್ ಕಂಪನಿ ತನ್ನ ‘ಸಿಎಸ್-೧’ ತಂದಿತು. ಇವು ಮೊದಲು ಗಿಟಾರಿಗೆಂದು ಬಂದವು, ಬೇಸಿನವರೂ ಕೊಂಡರು. ಬೇಸಿಗೆಂದೇ ಮಾಡಿದವು ಅನಂತರ ಬಂದವು.

ಈಗ ಮೂಲ ಪ್ರಶ್ನೆಗೆ ಬರೋಣ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ವೇದಿಕೆಯ ಮೇಲೆ ನುಡಿಸುವ ಹೆಚ್ಚಿನ ಬೇಸ್ ವಾದಕರಿಗೆ ಈ ಪೆಟ್ಟಿಗೆ ಅನಿವಾರ್ಯವಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಅದು ನಿಜವಾಗಿಯೂ ಉಪಕಾರಿ. ಯಾವ ಸಂದರ್ಭವೆಂದು ತಿಳಿಯಬೇಕಾದರೆ ಅಸಮತೆ ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು.

ಅನೇಕ ವೇಳೆ ಅದು ಸಭಾಂಗಣದಲ್ಲೇ ಹುಟ್ಟುತ್ತದೆ. ಸೆಕೆಂಡಿಗೆ ೪೧ ಕಂಪನದ ಇ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಸ್ವಲ್ಪ ಹೆಚ್ಚು. ಸುಮಾರು ೨೭ ಅಡಿ. ಸಾಮಾನ್ಯ ಸಭಾಭವನದ ಅಳತೆಗಳಿಗೆ ಇಂಥ ಅಲೆಗಳು ಹೊಂದಿಕೊಂಡುಬಿಡುತ್ತವೆ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ತನ್ನ ಮೇಲೆ ತಾನೇ ಬಿದ್ದು, ಕೆಲವು ಸ್ವರಗಳು ಕೆಲವು ಜಾಗಗಳಲ್ಲಿ ಗುಂಯ್‌ಗುಡುತ್ತವೆ, ಇನ್ನು ಕೆಲವು ಜಾಗಗಳಲ್ಲಿ ಇಲ್ಲವಾಗುತ್ತವೆ. ಮೂರನೆಯ ಸಾಲಿನವರಿಗೆ ಎದೆ ನಡುಗುವ ಸ್ವರ ಹತ್ತನೆಯ ಸಾಲಿನವರಿಗೆ ಕೇಳಿಸದೆ ಹೋಗಬಹುದು. ಇದಕ್ಕೆ ಕಂಪ್ರೆಸರ್ ಏನು ಮಾಡೀತು? ಅದು ಕುಳಿತಿರುವುದು ವಾದ್ಯಕ್ಕೂ ಆಂಪ್ಲಿಫೈಯರಿಗೂ ನಡುವೆ. ಗೋಡೆಯ ಆಟ ನಡೆಯುವುದು ಧ್ವನಿವರ್ಧಕದ ಆಚೆಗೆ. ಅಲ್ಲಿನ ಸುದ್ದಿ ಪೆಟ್ಟಿಗೆಗೆ ತಲುಪುವ ದಾರಿಯೇ ಇಲ್ಲ. ಆದರೂ ಹಾಲ್ ಗುಂಯ್‌ಗುಟ್ಟಿತೆಂದು ಕಂಪ್ರೆಸರ್ ಕೊಳ್ಳುವವರಿದ್ದಾರೆ. ಅಂಥಲ್ಲಿ ಬೇಕಾದುದು ಆ ಒಂದು ಸ್ವರದ ಕಂಪನವನ್ನು ತಗ್ಗಿಸುವ ಈಕ್ವಲೈಸರ್, ಇಲ್ಲವೆ ಧ್ವನಿವರ್ಧಕವನ್ನು ಮೂಲೆಯಿಂದ ಈಚೆಗೆ ಎಳೆಯುವ ನಾಲ್ಕು ಕೈಗಳು.

ಅಸಮತೆ ವಾದ್ಯದಲ್ಲೂ ಇರಬಹುದು. ಒಂದು ತಂತಿ ಗಟ್ಟಿ, ಇನ್ನೊಂದು ಮೆದು ಎನಿಸಿದರೆ ತಂತಿಯ ಕೆಳಗಿನ ಪಿಕಪ್ಪನ್ನು ನೋಡಬೇಕು. ಅದು ತಂತಿಗೆ ಹತ್ತಿರವಾದಷ್ಟೂ ಸದ್ದು ಹೆಚ್ಚು. ಎರಡು ತಿರುಪುಗಳನ್ನು ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುವ ತೊಂದರೆಗೆ ಸಾವಿರಾರು ರೂಪಾಯಿ ಸುರಿದವರನ್ನು ನಾನು ಬಲ್ಲೆ. ನಮ್ಮ ಮೃದಂಗದ ವಿದ್ವಾಂಸರು ಕಚೇರಿಗೆ ಮುನ್ನ ಎಡಗಡೆಯ ಮುಚ್ಚಿಗೆಗೆ ರವೆಯ ಕಣಕವನ್ನು ಹಚ್ಚಿ, ತಟ್ಟಿ, ಚಿವುಟಿ ತೆಗೆದು, ಮತ್ತೆ ತಟ್ಟಿ ಹದ ನೋಡುವ ತಾಳ್ಮೆಯನ್ನು ನೆನೆದರೆ, ವಿದ್ಯುತ್ ವಾದ್ಯದವರು ಈ ಬಗೆಯ ಹದ ನೋಡುವಿಕೆಯನ್ನು ಬೇಗ ಬಿಟ್ಟುಕೊಟ್ಟರೇನೋ ಎನಿಸುತ್ತದೆ.

ಉಳಿದದ್ದು ಕೈ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ (ನಿಧನ ೧೯೮೩) ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ೧೯೬೨ರ ಪ್ರಿಸಿಷನ್ ಬೇಸ್; ಹೊರಮೈ ನುಣುಪಾದ ದಪ್ಪ ತಂತಿಗಳು; ಅವನ್ನು ಬದಲಾಯಿಸುವ ಅಭ್ಯಾಸವೇ ಅವರಿಗಿರಲಿಲ್ಲ. ಸೇತುವೆಯ ಬಳಿ ತಂತಿಗಳ ಕೆಳಗೆ ಒಂದು ತುಂಡು ಫೋಮ್. ಒಂದೇ ಬೆರಳಾದ್ದರಿಂದ ಎರಡು ಬೆರಳುಗಳ ತೂಕದ ವ್ಯತ್ಯಾಸ ಅಲ್ಲಿಲ್ಲ; ಹಳೆಯ ತಂತಿ ಮತ್ತು ಫೋಮಿನಿಂದಾಗಿ ಚೂಪು ಏಟುಗಳಿಲ್ಲ. ಧ್ವನಿಮುದ್ರಣದಲ್ಲಿ ಯಂತ್ರಗಳ ಪಾಲು ಇರಲೇ ಇಲ್ಲವೆಂದಲ್ಲ. ಆದರೆ ಸಮತೆಯ ಬಹುಪಾಲು ತಂತಿಯಿಂದ ಹೊರಡುವಾಗಲೇ ಸಿದ್ಧವಾಗಿತ್ತು. ಸಮತೆಯೆಂದರೆ ಎಲ್ಲ ಸ್ವರಗಳೂ ಒಂದೇ ಗಾತ್ರದ ಇಟ್ಟಿಗೆಗಳಾಗುವುದಲ್ಲ ಎಂಬುದೂ ಅವರ ವಾದನದಿಂದ ಗೊತ್ತಾಗುತ್ತದೆ. ಮುಖ್ಯ ಸ್ವರಗಳ ನಡುವೆ ಅರೆಬರೆ ಮುಟ್ಟಿದ, ಶ್ರುತಿಗಿಂತ ಬರಿಯ ತಟ್ಟಾಗಿಯೇ ಕೇಳಿಸುವ ಸಣ್ಣ ಸದ್ದುಗಳನ್ನು ಅವರು ತುಂಬುತ್ತಿದ್ದರು. ನಡಿಗೆಗೆ ಲಯದ ಬೆಡಗು ಬರುವುದು ಅವುಗಳಿಂದ. ಕಂಪ್ರೆಸರನ್ನು ಅತಿಯಾಗಿ ಬಿಗಿದರೆ ಮೊದಲು ಕೆಡುವುದೂ ಅವೇ. ಪಕ್ಕಕ್ಕೆ ಇರಬೇಕಾದ ತಟ್ಟುಗಳು ಮುಖ್ಯ ಸ್ವರಗಳ ಸಮಕ್ಕೆ ಬಂದು ನಿಲ್ಲುತ್ತವೆ.

ವೇದಿಕೆಯಲ್ಲಿ ಇನ್ನೊಂದು ಅಪಾಯವುಂಟು. ಡ್ರಮ್ಮಿನ ಅಬ್ಬರದಲ್ಲಿ ತನ್ನ ವಾದ್ಯ ತನಗೆ ಕೇಳಿಸದಾಗ ವಾದಕ ಇನ್ನೂ ಬಿರುಸಾಗಿ ಮೀಟುತ್ತಾನೆ. ಕಂಪ್ರೆಸರ್ ಇದ್ದರೆ ಆ ಬಿರುಸು ಸದ್ದಾಗಿ ಮೇಲೇರುವುದೇ ಇಲ್ಲ. ಅವನು ಮತ್ತೂ ಬಿರುಸಾಗುತ್ತಾನೆ. ಯಂತ್ರ ಮತ್ತೂ ತಗ್ಗಿಸುತ್ತದೆ. ಎರಡು ಗಂಟೆ ಕಳೆಯುವುದರೊಳಗೆ ಬೆರಳು ಬೊಬ್ಬೆ ಎದ್ದು, ಮುಂಗೈ ಸೆಟೆದಿರುತ್ತದೆ. ಇದಕ್ಕೆ ಪರಿಹಾರ ಆಂಪ್ಲಿಫೈಯರನ್ನು ಏರಿಸಿ ಕೈಯನ್ನು ಹಗುರಾಗಿಸುವುದು. ಹಗುರಾಗಿ ಮೀಟುವವನ ಏರಿಳಿತ ತಾನಾಗಿಯೇ ಕಡಮೆಯಾಗುತ್ತದೆ, ಬೇಕಾದಾಗ ಒತ್ತು ಕೊಡಲು ಅವಕಾಶವೂ ಉಳಿದಿರುತ್ತದೆ.

ಹಾಗಾದರೆ ಹಿಂದಿನವರು ಪೆಡಲ್ ಇಲ್ಲದೆ ಹೇಗೆ ನಿಭಾಯಿಸಿದರು? ಅವರಿಗೆ ತಿಳಿಯದೆಯೇ ಒಂದು ಕಂಪ್ರೆಸರ್ ಅವರ ಬೆನ್ನ ಹಿಂದೆ ಇತ್ತು. ೧೯೬೯ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ೩೦೦ ವಾಟ್ ವಾಲ್ವ್ ಆಂಪ್ಲಿಫೈಯರಿನ ತೂಕ, ಧ್ವನಿವರ್ಧಕ ಬಿಟ್ಟು, ಸುಮಾರು ೪೦ ಕಿಲೋ. ವಾಲ್ವುಗಳು ತಮ್ಮ ಶಕ್ತಿಯ ಕೊನೆ ಮುಟ್ಟುವಾಗ ಟ್ರಾನ್ಸಿಸ್ಟರಿನಂತೆ ಒಮ್ಮೆಗೇ ದನಿ ಒಡೆಯುವುದಿಲ್ಲ. ಏಟಿನ ತುದಿಯನ್ನು ಮೆಲ್ಲಗೆ ದುಂಡಗಾಗಿಸುತ್ತವೆ. ಅದೊಂದು ಸಹಜವಾದ ಅದುಮುವಿಕೆ. ಇಂದು ಅದೇ ಶಕ್ತಿಯ ಆಂಪ್ಲಿಫೈಯರುಗಳು ಎರಡು ಮೂರು ಕಿಲೋ ತೂಕದಲ್ಲಿ ಸಿಗುತ್ತವೆ. ಬೆನ್ನಿಗೆ ಸುಖ, ಆದರೆ ಆ ದುಂಡುತನ ಅವುಗಳಿಗೆ ಸಹಜವಾಗಿ ಬರುವುದಿಲ್ಲ. ಎಷ್ಟೋ ವೇದಿಕೆಗಳಲ್ಲಿ ಈಗ ಬೇಸಿಗೆ ಆಂಪ್ಲಿಫೈಯರೇ ಇರುವುದಿಲ್ಲ. ವಾದ್ಯದ ತಂತಿ ನೇರವಾಗಿ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಹೋಗುತ್ತದೆ. ವಾದಕ ತನ್ನ ದನಿಯನ್ನು ಕಿವಿಯೊಳಗಿನ ಪುಟ್ಟ ಗುಂಡಿಯಿಂದ ಕೇಳಿಕೊಳ್ಳುತ್ತಾನೆ. ಹೆಬ್ಬೆರಳಿನ ಪ್ರತಿಯೊಂದು ಬಡಿತವೂ ಅಲ್ಲಿ ಕಿವಿಗೆ ಸೂಜಿಯಂತೆ ಚುಚ್ಚುತ್ತದೆ. ಇಂಥವನಿಗೆ ಕಂಪ್ರೆಸರ್ ಬೇಕು ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಒಂದೇ ಹಾಡಿನಲ್ಲಿ ಬೆರಳಿನ ಮೀಟನ್ನೂ ಸ್ಲ್ಯಾಪನ್ನೂ ಬೆರೆಸುವವನಿಗೂ, ಮಿಕ್ಸರಿನ ಮುಂದೆ ಯಾರೂ ಕೂರದ ಸಣ್ಣ ಕಾರ್ಯಕ್ರಮಗಳಲ್ಲಿ ನುಡಿಸುವವನಿಗೂ ಅದು ಉಪಕಾರಿಯೇ. ಧ್ವನಿವರ್ಧಕದ ಕಾಗದದ ಶಂಕು ಹರಿಯದಂತೆ ಕಾಯುವ ಲಾಭವೂ ಉಂಟು. ಆದರೆ ಹೊಸ ಆಂಪ್ಲಿಫೈಯರುಗಳಲ್ಲಿ ಅನೇಕಕ್ಕೆ ಆ ಕಾವಲು ಒಳಗೇ ಇರುತ್ತದೆ.

ಮಿಕ್ಸರಿನ ಮುಂದೆ ಬಲ್ಲವರೊಬ್ಬರು ಕುಳಿತಿದ್ದರೆ ಲೆಕ್ಕ ಬೇರೆ. ಮೊದಲೆಲ್ಲ ಕಂಪ್ರೆಸರ್ ದುಬಾರಿಯ ಪ್ರತ್ಯೇಕ ಯಂತ್ರ. ಒಂದು ಸಭೆಗೆ ಎರಡೋ ಮೂರೋ ಇದ್ದರೆ ಅದನ್ನು ಗಾಯಕನಿಗೆ ಕೊಡುತ್ತಿದ್ದರೇ ಹೊರತು ಬೇಸಿನ ಸರದಿ ಬರುತ್ತಿರಲಿಲ್ಲ. ಈಗ ಡಿಜಿಟಲ್ ಮಿಕ್ಸರುಗಳು ಬಂದಿವೆ. ೨೦೧೨ರಲ್ಲಿ ಬಂದ ಬೆಹ್ರಿಂಜರ್ ಎಕ್ಸ್-೩೨ರಂಥ ಕಡಮೆ ಬೆಲೆಯ ಮಿಕ್ಸರಿನಲ್ಲೂ ಪ್ರತಿಯೊಂದು ಮೈಕಿಗೂ ಒಂದೊಂದು ಕಂಪ್ರೆಸರ್ ಒಳಗೇ ಇದೆ. ವಾದಕ ವೇದಿಕೆಯ ಮೇಲೆ ನಾಲ್ಕಕ್ಕೆ ಒಂದರಂತೆ ಅದುಮಿ ಕಳಿಸಿದ್ದನ್ನು ಮಿಕ್ಸರಿನವರು ಮತ್ತೆ ನಾಲ್ಕಕ್ಕೆ ಒಂದರಂತೆ ಅದುಮಿದರೆ, ಎರಡು ಹೊಸ್ತಿಲುಗಳನ್ನೂ ದಾಟಿದ ಸದ್ದಿಗೆ ಒಟ್ಟು ಪ್ರಮಾಣ ಹದಿನಾರಕ್ಕೆ ಒಂದಾಗುತ್ತದೆ. ವಾದಕ ಹೃದಯ ತುಂಬಿ ಕೊಟ್ಟ ೧೨ ಡೆಸಿಬೆಲಿನ ಏರಿಕೆ ಸಭಿಕನ ಬಳಿಗೆ ಬರುವಾಗ ಮುಕ್ಕಾಲು ಡೆಸಿಬೆಲ್. ಅಷ್ಟರಲ್ಲಿ ಹಾಡಿನ ಪಲ್ಲವಿಗೂ ಚರಣಕ್ಕೂ ವ್ಯತ್ಯಾಸವೇ ಉಳಿದಿರುವುದಿಲ್ಲ.

ಪೆಡಲನ್ನು ಕೊಂಡವರು ಅದನ್ನು ಕೂರಿಸುವ ಬಗೆಯನ್ನಾದರೂ ತಿಳಿದಿರಬೇಕು. ಹಿಡಿತ ಬಿಗಿಯುವ ವೇಗವನ್ನು ಅತಿ ಚುರುಕಾಗಿಸಬಾರದು. ಸ್ವರದ ಮೊದಲ ಮೊನೆ ದಾಟಿಹೋಗಲು ಸೆಕೆಂಡಿನ ಸಾವಿರದಲ್ಲಿ ೩೦ ಭಾಗದಷ್ಟು ಹೊತ್ತು ಬಿಟ್ಟರೆ ಒಳ್ಳೆಯದು. ಆ ಮೊನೆಯಿಂದಲೇ ಮೇಳದ ನಡುವೆ ಬೇಸನ್ನು ಕಿವಿ ಗುರುತಿಸುತ್ತದೆ. ಹಿಡಿತ ಸಡಿಲಿಸುವ ವೇಗಕ್ಕೂ ಎಲ್ಲೆಯಿದೆ. ಇ ತಂತಿಯ ಒಂದು ಕಂಪನಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ ೨೪ ಭಾಗ. ಬಿಗಿಯುವುದೂ ಬಿಡುವುದೂ ಅದಕ್ಕಿಂತ ಚುರುಕಾದರೆ ಯಂತ್ರ ಸ್ವರದ ಏರಿಳಿತವನ್ನು ಹಿಡಿಯುವ ಬದಲು ಒಂದೊಂದು ಕಂಪನದ ಏರಿಳಿತವನ್ನೇ ಹಿಡಿಯಹೊರಟು ದನಿಯನ್ನು ಗೊಗ್ಗರಾಗಿಸುತ್ತದೆ. ಬಹಳ ನಿಧಾನವಾದರೂ ಕೆಲಸ ಕೆಡುತ್ತದೆ. ನಿಮಿಷಕ್ಕೆ ೧೨೦ ಬಡಿತದ ಹಾಡಿನಲ್ಲಿ ಬಡಿತದಿಂದ ಬಡಿತಕ್ಕೆ ಅರ್ಧ ಸೆಕೆಂಡು. ಅಷ್ಟರೊಳಗೆ ಹಿಡಿತ ಸಡಿಲವಾಗದಿದ್ದರೆ ಮುಂದಿನ ಸ್ವರ ಹುಟ್ಟುವಾಗಲೇ ತಲೆ ತಗ್ಗಿಸಿರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಯಂತ್ರ ಎಷ್ಟು ಅದುಮುತ್ತಿದೆ ಎಂದು ತೋರುವ ಸಣ್ಣ ದೀಪಗಳ ಸಾಲಿರುತ್ತದೆ. ಹೊಸಬರಿಗೆ ಅಂಥದೇ ಮೇಲು. ಗಟ್ಟಿಯಾಗಿ ಮೀಟಿದಾಗ ಮೂರೋ ಆರೋ ಡೆಸಿಬೆಲಿನ ದೀಪ ಮಿನುಗಿ ಆರಿದರೆ ಸಾಕು. ಸದಾ ಉರಿಯುತ್ತಿದ್ದರೆ ಹೊಸ್ತಿಲು ತೀರ ಕೆಳಗಿದೆ ಎಂದರ್ಥ.

ಕೊಳ್ಳುವಾಗ ಒಂದು ಮೋಸದ ಬಗ್ಗೆ ಎಚ್ಚರವಿರಲಿ. ಅಂಗಡಿಯವನದಲ್ಲ, ನಮ್ಮ ಕಿವಿಯದೇ. ಎರಡು ದನಿಗಳಲ್ಲಿ ಕೊಂಚ ಗಟ್ಟಿಯಾದುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಪೆಡಲಿನ ಸದ್ದೇರಿಸುವ ಗುಂಡಿ ಸ್ವಲ್ಪ ಮುಂದಿದ್ದರೆ, ಪೆಡಲ್ ಹಾಕಿದಾಗಲೆಲ್ಲ ದನಿ ಜೀವ ತಳೆದಂತೆ ತೋರುತ್ತದೆ. ಅದರಲ್ಲಿ ಅದುಮುವಿಕೆಯ ಪಾಲು ಇರಲಿಕ್ಕೇ ಇಲ್ಲ. ಹಾಕಿ ತೆಗೆದು ನೋಡುವಾಗ ಎರಡೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಗುಂಡಿಯನ್ನು ಹೊಂದಿಸಿಕೊಂಡು, ಬಳಿಕ ತೀರ್ಮಾನಿಸಬೇಕು. ಎತ್ತಿದ ಸದ್ದಿನೊಡನೆ ವಾದ್ಯದ ಗುಂಯ್‌ಕಾರವೂ ಮೇಲೇಳುತ್ತದೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಕೇಳಿಸದ ಅದು, ದೀಪಗಳನ್ನು ಏರಿಸಿ ಇಳಿಸುವ ಡಿಮ್ಮರುಗಳಿರುವ ರಂಗಮಂದಿರದಲ್ಲಿ ಎರಡು ಹಾಡುಗಳ ನಡುವಣ ಮೌನದಲ್ಲಿ ಜೇನುಗೂಡಿನಂತೆ ಮೊರೆಯುತ್ತದೆ.

ಆದುದರಿಂದ ಪೆಡಲ್ ಇರುವ ವಾದಕ ಕಾರ್ಯಕ್ರಮಕ್ಕೆ ಮುಂಚೆ ಮಿಕ್ಸರಿನ ಬಳಿಗೆ ಒಮ್ಮೆ ಹೋಗಿ, ‘ನನ್ನ ಕಡೆಯಿಂದ ಇಷ್ಟು ಅದುಮಿ ಕಳಿಸುತ್ತಿದ್ದೇನೆ’ ಎಂದು ತಿಳಿಸುವುದು ಒಳ್ಳೆಯದು. ಸಾಧ್ಯವಾದರೆ ಮಿಕ್ಸರಿನಿಂದಲೇ ಆ ದಿನದ ವಾದನದ ಮುದ್ರಿಕೆಯನ್ನು ಕೇಳಿ ಪಡೆದು, ಮರುದಿನ ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕು. ಜೇಬಿನ ಫೋನಿನಲ್ಲಿ ಹಿಡಿದ ಮುದ್ರಿಕೆ ಇದಕ್ಕೆ ಸಾಲದು. ಅದರ ಪುಟ್ಟ ಧ್ವನಿವರ್ಧಕದಲ್ಲಿ ಮಂದ್ರದ ಇ ಸ್ವರದ ಮೂಲ ಕಂಪನ ಕೇಳಿಸುವುದೇ ಇಲ್ಲ. ಮಿಕ್ಸರಿನ ಮುದ್ರಿಕೆಯಲ್ಲಿ ಸಭಾಂಗಣದ ಗೋಡೆಗಳ ಪಾಲು ಇರುವುದಿಲ್ಲವಾದ್ದರಿಂದ, ಅಲ್ಲಿ ಯಾವ ಸ್ವರ ಉಬ್ಬಿತು, ಯಾವುದು ಕುಸಿಯಿತು ಎಂಬ ಲೆಕ್ಕ ಕೈಗೋ ವಾದ್ಯಕ್ಕೋ ಸೇರಿದ್ದೇ ಆಗಿರುತ್ತದೆ.